ಕಿಟಕಿಯಿಂದ ತೆಗೆದ ಅಳತೆ

ಹೊಲಿಗೆಯಕ್ಕನ ಬೀದಿಯಲ್ಲಿ ಇಪ್ಪತ್ತೆರಡು ವರ್ಷಗಳಲ್ಲಿ ನಡೆದ ಒಂದೇ ಅಪರಾಧವೆಂದರೆ ಯಾರದೋ ಸೈಕಲ್ ಪಂಪು ಕಾಣೆಯಾದದ್ದು. ಅದೂ ಮಾರನೆಯ ದಿನ ಅವರ ಮಂಚದ ಕೆಳಗೇ ಸಿಕ್ಕಿತು. ಆದರೆ ಅಕ್ಕ ಲೋಕವನ್ನು ಬೀದಿಯಲ್ಲಿ ನೋಡುತ್ತಿರಲಿಲ್ಲ, ಟಿವಿಯಲ್ಲಿ ನೋಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅದನ್ನು ಹೊಲಿಗೆ ಮಿಷನ್ನಿನ ಎದುರಿಗೇ ಇಟ್ಟುಕೊಂಡಿದ್ದಳು. ಅದರ ಅಪರಾಧ ಧಾರಾವಾಹಿಗಳಲ್ಲಿ ದಿನಕ್ಕೆ ನಾಲ್ಕು ಕೊಲೆಯಾದರೆ ಮೂರನ್ನಾದರೂ ಪರಿಚಯದವರೇ ಮಾಡಿರುತ್ತಿದ್ದರು.

ಹೀಗಾಗಿ ಅವಳು ಪರಿಚಯದವರನ್ನು ಒಳಗೆ ಬಿಡುವುದನ್ನು ನಿಲ್ಲಿಸಿದಳು. ಅಪರಿಚಿತರು ಹೇಗೂ ಬರುತ್ತಿರಲಿಲ್ಲ. ಗಿರಾಕಿ ಬಂದರೆ ಕಿಟಕಿಯ ಸರಳುಗಳ ನಡುವಿನಿಂದ ಟೇಪು ಚಾಚುವಳು: "ನೀವೇ ಅಳತೆ ತಗೊಂಡು ಹೇಳಿ, ಬರ್ಕೋತೀನಿ."

ತನ್ನ ಸೊಂಟವನ್ನು ತಾನೇ ಅಳೆದು ನಿಜ ಹೇಳುವವರು ಕಡಿಮೆ. ಮೈಗೆ ಹತ್ತದ ಬಟ್ಟೆ ಹೊತ್ತು ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಉಳಿದದ್ದು ಆಸ್ಪತ್ರೆಯ ನರ್ಸುಗಳ ಕೋಟುಗಳು ಮಾತ್ರ. ಈ ಸಲ ಅವರೂ ಕಿಟಕಿಯಾಚೆ ನಿಂತೇ ಅಳತೆ ಕೂಗಿ ಹೋಗಿದ್ದರು. ಅದೂ ಕೈತಪ್ಪಿದರೆ ಮಿಷನ್ನಿಗೆ ಮುಸುಕು ಹಾಕುವುದೊಂದೇ ಬಾಕಿ.

ಒಂದು ಬೆಳಿಗ್ಗೆ ದೊಡ್ಡ ನರ್ಸಮ್ಮ ಕೋಟುಗಳ ಗಂಟು ಹೊತ್ತು ಕಿಟಕಿಗೆ ಬಂದಳು.

"ಏನಕ್ಕಾ ಇದು? ಒಬ್ಬಳಿಗೂ ಗುಂಡಿ ಹಾಕೋಕಾಗ್ತಿಲ್ಲ."

"ನೀವೆಲ್ಲ ಹೇಳಿದ ಅಳತೆಗೇ ಹೊಲ್ದಿದೀನಿ."

"ಹೇಳೋರು ಸಾವಿರ ಹೇಳ್ತಾರೆ, ನಿಂಗೆ ಕಣ್ಣಿಲ್ವಾ? ಬಾಗಿಲು ತೆಗೆದು ನೀನೇ ಅಳತೆ ತಗೋ. ಇಲ್ಲಾಂದ್ರೆ ಮಾರ್ಕೆಟ್ ಹತ್ರದ ಟೈಲರಿಗೆ ಕೊಡ್ತೀನಿ."

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಗಂಡನನ್ನು ಕೊನೆಯ ಹದಿನೇಳು ದಿನ ಮಗ್ಗುಲು ಹೊರಳಿಸಿ, ಮೈ ಒರೆಸಿ ನೋಡಿಕೊಂಡವಳು ಇವಳೇ. ಆದರೆ ಸೋಮವಾರದ ಕಂತಿನಲ್ಲಿ ವಿಷದ ಸೂಜಿ ಚುಚ್ಚಿದವಳೂ ನರ್ಸೇ.

"ಚೀಲದಲ್ಲೇನಿದೆ?"

"ಮಧ್ಯಾಹ್ನದ ಊಟ. ಅದನ್ನೂ ಅಳೀತೀಯಾ?"

ಮೂರು ಚಿಲಕ, ಒಂದು ಸರಪಳಿ ಕಳಚಿ ಬಾಗಿಲು ತೆರೆಯಿತು. ಅಕ್ಕನ ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ನರ್ಸಮ್ಮ ಎರಡೂ ಕೈ ಎತ್ತಿ ನಿಂತಳು.

ಆದರೆ ಒಂದೇ ಕೈಯಲ್ಲಿ ಸೊಂಟ ಸುತ್ತುವ ವಿದ್ಯೆ ಯಾವ ದರ್ಜಿಗೂ ಗೊತ್ತಿಲ್ಲ. ಅಕ್ಕ ಹಳೆಯ ಅಭ್ಯಾಸದಂತೆ "ಸ್ವಲ್ಪ ಹಿಡ್ಕೋ" ಎಂದು ಕತ್ತರಿಯನ್ನು ನರ್ಸಮ್ಮನ ಕೈಗೇ ಕೊಟ್ಟು ಬಗ್ಗಿದಳು. ತಲೆಯ ಮೇಲೆ ಕತ್ತರಿ ತೂಗುತ್ತಿದ್ದುದು ಅವಳ ಗಮನಕ್ಕೇ ಬರಲಿಲ್ಲ. ಕಣ್ಣು ಟೇಪಿನ ಮೇಲಿತ್ತು.

"ನಲವತ್ತೆರಡು. ನೀನು ಮೂವತ್ತಾರು ಅಂದಿದ್ದೆ," ಎಂದಳು. "ನಾನು ಹೇಳಲ್ವಾ, ಈ ಕಾಲದಲ್ಲಿ ಪರಿಚಯದೋರನ್ನೇ ನಂಬೋ ಹಾಗಿಲ್ಲ. ಹೋಗು, ಉಳಿದವರನ್ನೂ ಕಳಿಸು."