ದುಡ್ಡಿನ ಬಾಣಂತನ

ದುಡ್ಡು ಇಪ್ಪತ್ತೆಂಟು ದಿನ ಅಲುಗಾಡದೆ ಮಲಗಿರಬೇಕು ಎಂದು ನಮಗೆ ಮೊದಲು ಹೇಳಿದವಳು ಆರ್.ಟಿ. ನಗರದಲ್ಲಿ ಒಂದು ಬೇಕರಿಯ ಮೇಲಿದ್ದ ಆಫೀಸಿನ ಹುಡುಗಿ. ಹೊರದೇಶಕ್ಕೆ ಓದಲು ಹೋಗುವವರಿಗೆ ವೀಸಾ ಅರ್ಜಿ ತುಂಬಿಸಿಕೊಡುವ ಆಫೀಸು ಅದು. ಮೆಟ್ಟಿಲು ಹತ್ತುವಾಗ ಕೆಳಗಿನಿಂದ ದಿಲ್‌ಪಸಂದ್ ಬೇಯುವ ವಾಸನೆ ಬರುತ್ತಿತ್ತು. ಈಗ ಯಾವ ಬೇಕರಿ ಮುಂದೆ ಆ ವಾಸನೆ ಬಂದರೂ ರಸ್ತೆ ದಾಟಿ ಆಚೆ ಹೋಗುತ್ತೇನೆ.

"ಅಂಕಲ್, ಸರಿಯಾಗಿ ಕೇಳಿಸ್ಕೊಳ್ಳಿ. ಫೀಸಲ್ಲಿ ಉಳಿದಿರೋದು, ಆಮೇಲೆ ಒಂಬತ್ತು ತಿಂಗಳು ಅಲ್ಲಿ ಇರೋಕೆ, ತಿನ್ನೋಕೆ ಆಗೋದು. ಅಷ್ಟೂ ನಿಮ್ಮ ಅಕೌಂಟಲ್ಲಿ ಇಪ್ಪತ್ತೆಂಟು ದಿನ ಇರ್ಬೇಕು. ಒಂದಿನ, ಒಂದೇ ಒಂದಿನ ಕಮ್ಮಿ ಆದ್ರೂ ಮತ್ತೆ ಒಂದರಿಂದ ಎಣಿಸ್ಬೇಕು."

"ಜಾಸ್ತಿ ಆದ್ರೆ?" ಎಂದೆ.

ಅವಳು ನಕ್ಕಳು. "ಜಾಸ್ತಿ ಆದ್ರೆ ಯಾರೂ ಬೇಜಾರ್ ಮಾಡ್ಕೊಳಲ್ಲ ಅಂಕಲ್."

ಇದಕ್ಕೇ ಅಂತ ಬೇರೆ ಅಕೌಂಟ್ ಮಾಡಿಸಿ ಎಂದೂ ಹೇಳಿದಳು. ನಾನು ತಲೆಯಾಡಿಸಿದೆ. ಕೆಳಗಿಳಿಯುವಾಗಲೇ ಅದನ್ನು ಬಿಟ್ಟುಬಿಟ್ಟೆ. ಇನ್ನೊಂದು ಪಾಸ್‌ಬುಕ್ಕು, ಇನ್ನೊಂದು ಫಾರ್ಮು, ಮತ್ತೆ ಅರ್ಧ ದಿನ ರಜೆ. ಅಷ್ಟು ಹೊತ್ತಿಗಾಗಲೇ ನಾನು ಆ ಒಂದು ವರ್ಷದಲ್ಲಿ ಎಷ್ಟು ಕೌಂಟರುಗಳ ಮುಂದೆ ನಿಂತಿದ್ದೆನೆಂದರೆ, ಇನ್ನೊಂದು ಕೌಂಟರು ಎಂದರೆ ಕಾಲು ಮುಂದೆ ಹೋಗುತ್ತಿರಲಿಲ್ಲ.

ನಾನು ಹತ್ತನೇ ಕ್ಲಾಸು ಪಾಸು ಮಾಡಿದ್ದು ಮೂವತ್ತಮೂರನೇ ವಯಸ್ಸಿನಲ್ಲಿ. ಶಿರಾ ಕಡೆಯಿಂದ ಬಂದು ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದವನು ಸಂಜೆ ಶಾಲೆಗೆ ಸೇರಿ, ಗಣಿತದಲ್ಲಿ ಎರಡು ಸಲ ಬಿದ್ದು, ಮೂರನೇ ಸಲ ದಾಟಿದೆ. ಆಗ ಮಗಳು ಎರಡನೇ ಕ್ಲಾಸು. ಇಬ್ಬರೂ ಒಂದೇ ಮಣೆಯ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಿದ್ದೆವು. ಮಗ್ಗಿ ನನಗಿಂತ ಅವಳಿಗೇ ಬೇಗ ಬರುತ್ತಿತ್ತು. ನಾನು ಪಾಸಾದ ಮೇಲೆ ಮಂಡಿಯವರು ಮೂಟೆ ಹೊರುವುದನ್ನು ಬಿಡಿಸಿ, ಲಾರಿಯಲ್ಲಿ ಬಂದ ಮಾಲಿನ ಲೆಕ್ಕ ಬರೆಯಲು, ಹಮಾಲಿಗಳನ್ನು ನೋಡಿಕೊಳ್ಳಲು ಹಾಕಿದರು. ಅಂದಿನಿಂದ ಯಾರ್ಡಿನಲ್ಲಿ ನಾನು ಮೇಸ್ತ್ರಿ.

ಮಗಳು ಕೃಷಿ ವಿಷಯದಲ್ಲಿ ಡಿಗ್ರಿ ಮಾಡಿದಳು. ಮಣ್ಣಿನ ಬಗ್ಗೆ ಇನ್ನೂ ಓದಬೇಕು, ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ, ಸ್ವಲ್ಪ ಸ್ಕಾಲರ್‌ಶಿಪ್ಪೂ ಕೊಡುತ್ತಾರೆ ಎಂದು ಬಂದು ಹೇಳಿದಳು. ಅಲ್ಲಿಂದ ಬಂದ ಇಂಗ್ಲಿಷ್ ಪತ್ರವನ್ನು ನಾನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಮೂರು ದಿನ ಓದಿದೆ. ಪೂರ್ತಿ ಅರ್ಥವಾಗಲಿಲ್ಲ. ಆದರೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಓದಿಗೆ ಯಾರೂ ಬೇಡ ಎಂದಿರಲಿಲ್ಲ, ಬಾ ಎಂದೂ ಕರೆದಿರಲಿಲ್ಲ. ಅದೇ ಸಾಕಾಗಿತ್ತು ತಡವಾಗಲು.

ನಮಗಿದ್ದದ್ದು ಅಬ್ಬಿಗೆರೆಯಲ್ಲಿ ಒಂದು ಸಣ್ಣ ಸೈಟು. ಪಂಚಾಯಿತಿ ಕಾಲದ ಕಾಗದ ನೋಡಿ, ಇದರ ಮೇಲೆ ಸಾಲ ಕೊಡಲು ಬರುವುದಿಲ್ಲ ಎಂದರು ಬ್ಯಾಂಕಿನವರು. ಕೊನೆಗೆ ಅದನ್ನು ನನಗೆ ಮಾರಿದ್ದ ಹಳೇ ಜಮೀನಿನ ಯಜಮಾನರ ಮನೆಗೇ ಹೋದೆ. ಅವರೀಗ ಅಪಾರ್ಟ್‌ಮೆಂಟು ಕಟ್ಟಿಸುತ್ತಾರೆ. ಆದರೂ ಮುಂಬಾಗಿಲಲ್ಲಿ ಚಾಪೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಏನ್ ಓದ್ತಾಳಪ್ಪ ಅಲ್ಲೋಗಿ?"

"ಮಣ್ಣಿನ ಬಗ್ಗೆ ಸ್ವಾಮಿ."

ಅವರ ಕೈ ನಿಂತಿತು. "ಮಣ್ ಓದಕ್ಕೆ ಮಣ್ ಮಾರ್ತಿದೀಯಾ? ಇಂಗೂ ಇರ್ತದೇನಯ್ಯ! ನಮ್ಮಪ್ಪ ರಾಗಿ ಬೆಳೀತಿದ್ ಜಾಗ ಅದು. ಆ ಮಗೀನ ನಂತಾವ ಕಳ್ಸಿದ್ರೆ ನಾನೇ ಯೇಳ್ಕೊಡ್ತಿದ್ದೆ, ಪುಕ್ಸಟ್ಟೆ."

ನಗುತ್ತಲೇ ರೇಟು ಕಮ್ಮಿ ಮಾಡಿದರು. ಆದರೆ ಎಲ್ಲವನ್ನೂ ಬ್ಯಾಂಕಿನ ಮೂಲಕವೇ ಕೊಟ್ಟರು. ಅದೊಂದಕ್ಕೆ ನಾನು ಅವರಿಗೆ ಋಣಿ. ಆ ದುಡ್ಡು, ನನ್ನ ಪಿಎಫ್ಫು, ಹೆಂಡತಿ ಸೀರೆಗೆ ಫಾಲು ಹೊಲಿದು ಕೂಡಿಟ್ಟದ್ದು, ಎಲ್ಲ ಸೇರಿ ನನ್ನ ಸಂಬಳ ಬೀಳುವ ಅಕೌಂಟಿಗೇ ಬಂತು. ಬೇಕಾದದ್ದಕ್ಕಿಂತ ಆರು ಸಾವಿರ ಮಾತ್ರ ಹೆಚ್ಚಿತ್ತು. ಜುಲೈ ತಿಂಗಳ ಒಂದು ಸೋಮವಾರ ಎಣಿಕೆ ಶುರುವಾಯಿತು.

ನನ್ನ ಜೀವನದಲ್ಲಿ ದುಡ್ಡು ಒಂದು ಕಡೆ ನಿಂತದ್ದೇ ಇಲ್ಲ. ಬೆಳಗ್ಗೆ ಬಂದದ್ದು ಸಂಜೆಗೆ ಹೋಗುತ್ತಿತ್ತು. ಈ ಹೊಸ ವಿಷಯವನ್ನು ನಾನು ಯಾರ್ಡಿನಲ್ಲಿ ಎಲ್ಲರಿಗೂ ಹೇಳಿದೆ. ನನ್ನ ಜೊತೆಗೇ, ಅದೇ ವರ್ಷ ಯಾರ್ಡಿಗೆ ಬಂದ ಒಬ್ಬ ಹಮಾಲಿಯಿದ್ದಾನೆ. ಈಗಲೂ ಮೂಟೆ ಹೊರುತ್ತಾನೆ. ಬಾಯಿ ಮಾತ್ರ ಸುಮ್ಮನಿರುವುದಿಲ್ಲ.

"ಇಪ್ಪತ್ತೆಂಟು ದಿನ ಎದ್ದೇಳಂಗೇ ಇಲ್ವಾ? ಅಂಗಾರೆ ದುಡ್ಡಿಗೆ ಬಾಣಂತನ ಅನ್ನು ಮೇಸ್ತ್ರಿ!" ಎಂದ. "ಕಿವಿಗೆ ಬಟ್ಟೆ ಕಟ್ಟಿ ಮಲಗ್ಸು. ಗಾಳಿ ಗೀಳಿ ಸೋಕೀತು."

ಅಂದಿನಿಂದ ದಿನಾ ಬೆಳಗ್ಗೆ ಲಾರಿ ಹತ್ತಿರ ಅದೇ ವಿಚಾರಣೆ. "ಬಾಣಂತಿ ಎಂಗವ್ಳೆ?" "ಹದಿನಾಲ್ಕನೇ ದಿನ." "ಬೆಳ್ಳುಳ್ಳಿ ಸಾರು ಕುಡುಸ್ದಾ?" ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ದಿನ ಹೊಡೆದುಹಾಕುತ್ತಿದ್ದೆ. ಹೆಂಡತಿ ಆ ತಿಂಗಳು ಗ್ಯಾಸ್ ಸಿಲಿಂಡರನ್ನೂ ಪಕ್ಕದ ಮನೆಯವರಿಂದ ಎರವಲು ತಂದಳು, ಅಕೌಂಟ್ ಮುಟ್ಟಬಾರದೆಂದು.

ಇಪ್ಪತ್ತೆರಡನೇ ದಿನ ಬೆಳಗ್ಗೆ ಆರು ಗಂಟೆಗೆ ಮೂಟೆಗಳ ಅಟ್ಟಿ ಜಾರಿತು. ಕೆಳಗಿದ್ದವನು ಬಾಣಂತನ ಎಂದು ನಗಿಸುತ್ತಿದ್ದ ಆ ಹಮಾಲಿಯೇ. ಮೊಣಕಾಲಿನಿಂದ ಕೆಳಗೆ ಮೂಳೆ ಮುರಿದಿತ್ತು. ಆಟೋದಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಹೋದೆವು. ಆಟೋದಲ್ಲೂ ಅವನು ಬಾಯಿ ಮುಚ್ಚಲಿಲ್ಲ. ಆದರೆ ಅದು ಮಾತಾಗಿರಲಿಲ್ಲ.

ನಮ್ಮ ಯಾರ್ಡಿನಲ್ಲಿ ಒಂದು ಪದ್ಧತಿಯಿದೆ. ಹಮಾಲಿಗೆ ಏಟು ಬಿದ್ದರೆ ಮೊದಲ ದುಡ್ಡು ಮೇಸ್ತ್ರಿಯದು. ಆಸ್ಪತ್ರೆಯವರು ಕೇಳಿದ್ದನ್ನು ಮೇಸ್ತ್ರಿ ಕಟ್ಟುತ್ತಾನೆ. ಅಂದಿನ ಲಾರಿಗಳು ಖಾಲಿಯಾದ ಮೇಲೆ ಉಳಿದವರೆಲ್ಲ ತಮ್ಮ ತಮ್ಮ ಪಾಲು ಸೇರಿಸಿ ಮೇಸ್ತ್ರಿಗೆ ತುಂಬಿಕೊಡುತ್ತಾರೆ. ಯಾರೂ ಬರೆದಿಟ್ಟಿಲ್ಲ, ಯಾರೂ ತಪ್ಪಿಸಿಲ್ಲ. ಹದಿನೈದು ವರ್ಷದಲ್ಲಿ ಎಷ್ಟು ಸಲ ಹೀಗೆ ಕಟ್ಟಿದ್ದೇನೋ ನನಗೇ ನೆನಪಿಲ್ಲ. ಕೌಂಟರಿನವರು ಹತ್ತು ಸಾವಿರ ಅಡ್ವಾನ್ಸ್ ಎಂದರು. ನನ್ನ ಕೈ ಜೇಬಿಗೆ ಹೋಯಿತು, ಫೋನು ಹೊರಗೆ ಬಂತು, ಅಲ್ಲಿ ಅಂಟಿಸಿದ್ದ ಚೌಕಕ್ಕೆ ಹಿಡಿದೆ, ನಾಲ್ಕು ಅಂಕಿ ಒತ್ತಿದೆ. ಟಿಂಗ್ ಎಂದಿತು. ಅಷ್ಟೆ.

ಸಂಜೆಯಿಂದಲೇ ಇನ್ನೂರು, ಮುನ್ನೂರು, ಐನೂರು ಎಂದು ಫೋನಿಗೆ ವಾಪಸು ಬರತೊಡಗಿತು. ಮಾರನೇ ದಿನ ಬೆಳಗ್ಗೆ ನಾನು ಕಾಫಿ ಕುಡಿಯುವಷ್ಟರಲ್ಲಿ ನನ್ನ ಪಾಲಿನ ಐನೂರು ಬಿಟ್ಟು ಎಲ್ಲವೂ ಬಂದಿತ್ತು. ಬಾಣಂತಿಯ ವಿಷಯ ನನಗೆ ನೆನಪಾದದ್ದೇ ಆಗ. ಬ್ಯಾಲೆನ್ಸ್ ನೋಡಿದೆ. ಬೇಕಾದಷ್ಟು ಇತ್ತು, ಮೇಲೂ ಇತ್ತು. ಎಲ್ಲ ಸರಿಹೋಗಿದೆಯಲ್ಲ ಎಂದು ಲೋಟ ತೊಳೆದಿಟ್ಟು ಕೆಲಸಕ್ಕೆ ಹೋದೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಾದರೂ ಆಗಿದೆ ಎಂದು ಅನ್ನಿಸಲೇ ಇಲ್ಲ. ಯಾರ್ಡಿನ ಲೆಕ್ಕದಲ್ಲಿ, ತಿರುಗಿ ಬಂದ ದುಡ್ಡು ಹೋಗಿಯೇ ಇಲ್ಲದ ದುಡ್ಡು.

ಇಪ್ಪತ್ತೊಂಬತ್ತನೇ ದಿನ ಬ್ಯಾಂಕಿನ ಸೀಲು ಹಾಕಿಸಿದ ಸ್ಟೇಟ್‌ಮೆಂಟು ಹಿಡಿದು ನಾನೂ ಮಗಳೂ ಆರ್.ಟಿ. ನಗರದ ಮೆಟ್ಟಿಲು ಹತ್ತಿದೆವು. ಆ ಹುಡುಗಿ ಪೆನ್ಸಿಲನ್ನು ಒಂದೊಂದೇ ಸಾಲಿನ ಮೇಲೆ ಇಳಿಸುತ್ತಾ ಬಂದಳು. ಒಂದು ಕಡೆ ನಿಂತಳು.

"ಯಾ ಅಲ್ಲಾ," ಎಂದು ಮೆಲ್ಲಗೆ ಅಂದಳು. "ಅಂಕಲ್, ಇದೇನಿದು?"

"ಅದು ವಾಪಸ್ ಬಂತಲ್ಲಮ್ಮ. ಕೆಳಗಡೆ ನೋಡಿ, ಬಂದಿದೆ."

"ಬಂದಿದೆ ಅಂಕಲ್. ಆದ್ರೆ ಆ ದಿನ ಇಲ್ವಲ್ಲ. ನಾಲ್ಕು ಸಾವಿರ ಕಮ್ಮಿ ಇದೆ."

"ಒಂದೇ ದಿನ ಅಲ್ವಾ?"

"ನಾನ್ ಹೇಳಿದ್ದೂ ಅದೇ ಅಲ್ವಾ ಅಂಕಲ್? ಒಂದೇ ದಿನ ಅಂತ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಯ ಚೀಟಿ ತೋರಿಸಲೇ, ಮಂಡಿಯವರಿಂದ ಪತ್ರ ಬರೆಸಿ ತರಲೇ ಎಂದೆಲ್ಲ ಕೇಳಿದೆ. ವೀಸಾ ಕೊಡುವವರು ಪತ್ರ ಓದುವುದಿಲ್ಲ, ಸಾಲು ನೋಡುತ್ತಾರೆ, ಒಮ್ಮೆ ಇಲ್ಲವೆಂದರೆ ಮುಂದಿನ ಅರ್ಜಿಗೂ ಅದು ಅಂಟಿಕೊಳ್ಳುತ್ತದೆ ಎಂದಳು. ದುಡ್ಡು ತುಂಬಿದ ದಿನದಿಂದ ಮತ್ತೆ ಇಪ್ಪತ್ತೆಂಟು ಎಣಿಸಬೇಕು. ಅದು ಮುಗಿದು, ವೀಸಾ ಬರುವ ಹೊತ್ತಿಗೆ ಕ್ಲಾಸು ಶುರುವಾಗಿ ಎರಡು ವಾರ ಆಗಿರುತ್ತದೆ. ಅಷ್ಟು ತಡವಾದರೆ ಅವರು ಸೇರಿಸಿಕೊಳ್ಳುವುದಿಲ್ಲ. ಸೀಟನ್ನು ಜನವರಿಗೆ ಬದಲಾಯಿಸಿಕೊಡಿ ಎಂದು ಕೇಳಬಹುದು. ಸ್ಕಾಲರ್‌ಶಿಪ್ ಮಾತ್ರ ಸೆಪ್ಟೆಂಬರಿನಲ್ಲಿ ಸೇರುವವರಿಗೆ.

ಪೆನ್ಸಿಲು ನಿಂತ ಸಾಲಿನಲ್ಲಿ ಆಸ್ಪತ್ರೆಯ ಹೆಸರಿತ್ತು, ಮಗಳು ಅದನ್ನೇ ನೋಡುತ್ತಿದ್ದಳು. ಕಾಲು ಮುರಿದುಕೊಂಡ ಆ ಮನುಷ್ಯ ಅವಳಿಗೆ ಗೊತ್ತು. ಚಿಕ್ಕವಳಿದ್ದಾಗ ಅವನನ್ನು ಈರುಳ್ಳಿ ಮಾಮ ಎನ್ನುತ್ತಿದ್ದಳು.

ಬಸ್ಸಿನಲ್ಲಿ, ಮೇಖ್ರಿ ಸರ್ಕಲ್ ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು. "ನಂಗೊಂದು ಫೋನ್ ಮಾಡ್ಬೋದಿತ್ತಲ್ವಾಪ್ಪ? ನನ್ ಫ್ರೆಂಡ್ಸ್ ಹತ್ರ ಇಸ್ಕೊಂಡು ಹಾಕ್ತಿದ್ದೆ."

"ತೋಚ್ಲಿಲ್ಲ ಕಣಮ್ಮ."

ನನ್ನ ಕಡೆ ತಿರುಗಿ, "ಇಪ್ಪತ್ತೆಂಟು ದಿನ ನೆನಪಿದ್ದಿದ್ರೆ ಆಸ್ಪತ್ರೆಗೆ ಕಟ್ತಿರ್ಲಿಲ್ವಾ?" ಎಂದಳು.

ನಮ್ಮ ಸ್ಟಾಪು ಬಂತು, ಇಳಿದೆವು.

ಹೆಂಡತಿ ಅಂದು ಅಡುಗೆ ಮನೆಯಿಂದಲೇ ಮಾತಾಡಿದಳು. "ಊರಿಗೆಲ್ಲ ಹೇಳ್ಕೊಂಡ್ ಬಂದ್ರಿ, ಇಪ್ಪತ್ತೆಂಟು ದಿನ ಮುಟ್ಬಾರ್ದು, ಇಪ್ಪತ್ತೆಂಟು ದಿನ ಮುಟ್ಬಾರ್ದು ಅಂತ. ನಾನು ಸಿಲಿಂಡರ್ ಇಸ್ಕೊಂಡ್ ಬಂದೆ. ಮುಟ್ಟಿದ್ದು ಯಾರು?" ಎರಡು ದಿನವಾದ ಮೇಲೆ ತಾನೇ ಆಸ್ಪತ್ರೆಗೆ ಆ ಹಮಾಲಿಗೆ ರಾಗಿಗಂಜಿ ಮಾಡಿಕೊಂಡು ಹೋದಳು.

ಸೀಟು ಜನವರಿಗೆ ಹೋಯಿತು. ಸ್ಕಾಲರ್‌ಶಿಪ್ ಹೋದದ್ದಕ್ಕೆ ಹೆಂಡತಿಯ ಎರಡು ಬಳೆ ಹೋದವು. ನಾನು ಮಧ್ಯಾಹ್ನದ ಮೇಲೆ ಇನ್ನೊಂದು ಮಂಡಿಯಲ್ಲಿ ಬೆಳ್ಳುಳ್ಳಿ ಲೆಕ್ಕ ಬರೆಯಲು ಹೋಗುತ್ತಿದ್ದೇನೆ. ಮನೆಗೆ ಬಂದರೆ ಕೈಯ ವಾಸನೆ ಊಟದಲ್ಲೂ ಹೋಗುವುದಿಲ್ಲ. ಮಗಳು ಕೆಂಪಾಪುರದ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ, ನಾಲ್ಕು ಮನೆ. ಎರಡು ಬಸ್ಸು ಬದಲಾಯಿಸಿ ಬರುತ್ತಾಳೆ. ಮೂವರೂ ಬೇರೆ ಬೇರೆ ಹೊತ್ತಿಗೆ ಬಂದು, ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ ಕೂರುತ್ತೇವೆ. ಬೈಯುವುದಕ್ಕೂ ಯಾರಿಗೂ ತ್ರಾಣವಿಲ್ಲ.

ನವೆಂಬರಿನಲ್ಲಿ ಮಗಳೇ ತನ್ನ ಹೆಸರಿನಲ್ಲಿ ಬೇರೆ ಅಕೌಂಟ್ ಮಾಡಿಸಿದಳು. ಅದಕ್ಕೆ ಕಾರ್ಡಿಲ್ಲ, ಫೋನಿಗೆ ಜೋಡಿಸಿಲ್ಲ. ನಾನು ಬ್ಯಾಂಕಿನಲ್ಲಿ ಅವಳ ಪಕ್ಕ ನಿಂತು ಎಲ್ಲವನ್ನೂ ಅದಕ್ಕೆ ಹಾಕಿಸಿದೆ. ಈ ಸಲವೂ ನನ್ನ ಅಕೌಂಟಿನಲ್ಲಿ ಸ್ವಲ್ಪ ಉಳಿದದ್ದನ್ನು ನೋಡಿ, "ಇದನ್ನೂ ಹಾಕ್ಬಿಡಮ್ಮ, ಮೇಲೆ ಇರ್ಲಿ," ಎಂದೆ.

"ಬೇಡ. ಅದು ನಿನ್ ಹತ್ರಾನೇ ಇರ್ಲಿ," ಎಂದಳು. "ಪಾಠದ್ದು ಹತ್ತು ಸಾವಿರಾನೂ ನಿನ್ ಅಕೌಂಟಿಗೆ ಹಾಕಿದೀನಿ. ಯಾರಿಗಾದ್ರೂ ಏನಾದ್ರೂ ಆದ್ರೆ ಅದ್ರಲ್ಲಿ ಕಟ್ಟು."

ನಾನು ಬಸ್ಸಿನಲ್ಲಿ ಕೊಡದ ಉತ್ತರವನ್ನು ಅವಳು ತಾನೇ ಕೊಟ್ಟುಕೊಂಡಿದ್ದಳು ಎಂದು ಆಗ ತಿಳಿಯಿತು. ಸಂತೋಷವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಬ್ಯಾಂಕಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತುಬಿಡೋಣ ಅನ್ನಿಸಿತು, ಕೂತೆ.

ಹೋದ ವಾರ ಆ ಹಮಾಲಿ ಯಾರ್ಡಿಗೆ ಬಂದ, ಕಂಕುಳಲ್ಲಿ ಕೋಲು ಹಿಡಿದು. ಮೂಟೆ ಹೊರಲು ಇನ್ನಾಗುವುದಿಲ್ಲ. ತಕ್ಕಡಿ ಹತ್ತಿರ ಕೂರಿಸುತ್ತೇವೆ ಎಂದಿದ್ದಾರೆ ಮಂಡಿಯವರು. ನಡೆದದ್ದನ್ನು ಅವನಿಗೆ ಹೇಳಬಾರದು ಎಂದು ನಾನು ಎಲ್ಲರಿಗೂ ಹೇಳಿದ್ದೆ. ಅವನು ಒಂದು ಖಾಲಿ ಗೋಣಿಚೀಲದ ಮೇಲೆ ಕೂತು, ಕೋಲು ಪಕ್ಕಕ್ಕಿಟ್ಟು, ನನ್ನ ಮುಖ ನೋಡಿದ.

"ಮಗಾ ಇನ್ನೂ ಓಗ್ಲಿಲ್ವಾ ಮೇಸ್ತ್ರಿ?"

"ಜನವರಿಗೆ."

"ಯಾಕೆ ಅಷ್ಟ್ ಲೇಟು?"

"ಈಗ ಅಲ್ಲಿ ಚಳಿಯಂತೆ."

"ಜನವರೀಲಿ ಇನ್ನೂ ಜಾಸ್ತಿ ಆಗಕ್ಕಿಲ್ವಾ?" ಅವನು ಕಣ್ಣು ಕಿರಿದು ಮಾಡಿದ. ನಾನು ಲಾರಿ ಚೀಟಿ ನೋಡುವವನಂತೆ ತಲೆ ತಗ್ಗಿಸಿದೆ. "ಏನು, ಬಾಣಂತನ ಮುಗೀಲಿಲ್ವಾ?"

"ಇದು ಎರಡನೇದು ಕಣೋ."

ಅವನು ಗಟ್ಟಿಯಾಗಿ ನಕ್ಕ. ಆಮೇಲೆ ನಗು ನಿಲ್ಲಿಸಿ ತನ್ನ ಕಾಲನ್ನೇ ನೋಡಿಕೊಂಡ. ಅವನಿಗೆ ಎಷ್ಟು ಗೊತ್ತಾಯಿತೋ ನನಗೆ ಗೊತ್ತಿಲ್ಲ. "ಎರಡ್ನೇದು ಸಲೀಸು ಬಿಡು," ಎಂದು ಕೋಲು ಊರಿ ಎದ್ದು ತಕ್ಕಡಿ ಕಡೆ ಹೋದ.

ಇವತ್ತು ಹತ್ತೊಂಬತ್ತನೇ ದಿನ. ಕ್ಯಾಲೆಂಡರಿನಲ್ಲಿ ಈ ಸಲ ನಾನು ಹೊಡೆದುಹಾಕುತ್ತಿಲ್ಲ, ಮಗಳು ಹೊಡೆಯುತ್ತಾಳೆ. ಇದನ್ನು ಅವಳ ಲ್ಯಾಪ್‌ಟಾಪಿನಲ್ಲಿ ಎರಡು ಬೆರಳಲ್ಲಿ ಒತ್ತುತ್ತ ಕೂತಿದ್ದೇನೆ. ಅವಳು ಪಾಠ ಮುಗಿಸಿ ಬರುವುದರೊಳಗೆ ಮುಗಿಸಬೇಕು. ಬೆಳಗ್ಗೆ ಯಾರ್ಡಿನಲ್ಲಿ ಒಬ್ಬನ ಕೈಗೆ ಮೂಟೆ ಎತ್ತುವ ಕೊಂಡಿ ತರಚಿತು. ಎರಡು ಹೊಲಿಗೆ, ಮುನ್ನೂರು ರೂಪಾಯಿ. ನಾನೇ ಕಟ್ಟಿದೆ. ಯಾವ ಅಕೌಂಟಿನಿಂದ ಎಂದು ನೋಡಿಕೊಂಡು ಕಟ್ಟಿದೆ.