ಎಡಗಾಲಿನ ಚಪ್ಪಲಿ

ಲಕ್ಷ್ಮಪ್ಪನ ಎಡಗಾಲಿನ ಚಪ್ಪಲಿ ಮೊದಲ ಸಲ ತಾನಾಗಿ ಕಳಚಿ ಬಿದ್ದದ್ದು ಗೋವಾದ ಬಂದರಿನ ಮೇಲಿನ ಸಡಾ ಗುಡ್ಡದ ಏರಿನಲ್ಲಿ, ಬಸ್ಸಿಳಿದು ಮನೆಗೆ ಬರುವಾಗ. ಅವನಿಗೆ ಗೊತ್ತೇ ಆಗಲಿಲ್ಲ. ಇಪ್ಪತ್ತು ಹೆಜ್ಜೆ ಮುಂದೆ ಹೋದ ಮೇಲೆ ಹಿಂದಿನಿಂದ ಹೆಂಡತಿ ದ್ರಾಕ್ಷಾಯಿಣಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದಳು.

"ಏನ್ರಿ, ಚಪ್ಪಲಿ ಬಿಟ್ಟು ಎಲ್ಲಿಗೆ ಹೊಂಟೀರಿ?"

ಅವನು ಕೆಳಗೆ ನೋಡಿಕೊಂಡ. ಮಟಮಟ ಮಧ್ಯಾಹ್ನ, ಡಾಂಬರು ಹೆಂಚಿನಂತೆ ಕಾದಿತ್ತು. ಅದರ ಮೇಲೆ ಬರಿಗಾಲು ಊರಿ ನಿಂತಿದ್ದ, ಸುಡುತ್ತಿರಲಿಲ್ಲ. ಆಗ ಹಿಡಿದ ಹೆದರಿಕೆ ಆಮೇಲೆ ಅವನನ್ನು ಬಿಟ್ಟು ಕದಲಲಿಲ್ಲ.

ಬಾದಾಮಿ ಕಡೆಯಿಂದ ಗೋವಾಕ್ಕೆ ಬಂದು ಇಪ್ಪತ್ತಾರು ವರ್ಷವಾದ ಲಕ್ಷ್ಮಪ್ಪ ಟೈಲ್ಸ್ ಕೂಡಿಸುವ ಮೇಸ್ತ್ರಿ. ಕೆಲಸವೆಂದರೆ ಮುಂಜಾನೆಯಿಂದ ಸಂಜೆಯವರೆಗೆ ಕುಕ್ಕರಗಾಲಲ್ಲಿ ಕೂತು, ಬಗ್ಗಿ, ಒಂದೊಂದೇ ಟೈಲ್ಸ್ ಇಡುತ್ತ ಹಿಂದಕ್ಕೆ ಸರಿಯುವುದು. ಬೇರೆಯವರು ಕೂಡಿಸಿದ ನೆಲದ ಮೇಲೆ ಬೆರಳಿನಿಂದ ತಟ್ಟಿ, ಪೊಳ್ಳು ಸದ್ದು ಬಂದರೆ ಅಲ್ಲೇ ಕಿತ್ತು ಬಿಸಾಕುವ ಸ್ವಭಾವ. ಸಿಟ್ಟು ಮೂಗಿನ ತುದಿಯಲ್ಲಿ. ಸೊಂಟ ಹೋದದ್ದೂ ಆ ಸಿಟ್ಟಿನಿಂದಲೇ. ಫೋಂಡಾದ ಒಂದು ಕಟ್ಟಡದಲ್ಲಿ ಮೂರನೇ ಮಹಡಿಗೆ ಟೈಲ್ಸ್ ಪೆಟ್ಟಿಗೆ ಬರುವುದು ತಡವಾಯಿತೆಂದು ತಾನೇ ಕೆಳಗಿಳಿದು ಎರಡು ಪೆಟ್ಟಿಗೆ ಒಟ್ಟಿಗೆ ಎತ್ತಿದ. ಸೊಂಟದಲ್ಲಿ ಕಟಕ್ ಎಂದಿತು. ಕುಂಡಿಯಿಂದ ಹೆಬ್ಬೆರಳಿನ ತನಕ ಕರೆಂಟು ಹೊಡೆದಂತಾಗಿ ಅಲ್ಲೇ ಗೋಡೆ ಹಿಡಿದು ಕೂತ. ಚಪ್ಪಲಿ ಕಳಚಿದ್ದು ಅದಾದ ವಾರದೊಳಗೆ.

ಡಾಕ್ಟರು ಸ್ಕ್ಯಾನಿನ ಫೋಟೋ ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನಿನ ಎರಡು ಎಲುಬಿನ ನಡುವಿನ ಮೆತ್ತೆ ಉಬ್ಬಿ ಹೊರಗೆ ಬಂದು ಕಾಲಿನ ನರಕ್ಕೆ ಒತ್ತುತ್ತಿದೆ ಎಂದರು. ಲಕ್ಷ್ಮಪ್ಪನಿಗೆ ತಕ್ಷಣ ತಿಳಿಯಿತು. ಸಿಮೆಂಟಿನ ಮಾಲು ಹೆಚ್ಚಾದಾಗ ಟೈಲ್ಸ್ ಒತ್ತಿದರೆ ಸಂದಿಯಿಂದ ಹೀಗೇ ಉಕ್ಕುತ್ತದೆ. ಅದನ್ನಾದರೆ ಕರಣಿಯಿಂದ ಕೆರೆದು ತೆಗೆಯಬಹುದು. ಇದನ್ನು ಕೆರೆಯುವವರು ಯಾರು? ಡಾಕ್ಟರೇ. ಚಾಕುವಿನಿಂದ.

"ಈಗ್ಲೇ ಆಪರೇಷನ್ ಬೇಡ, ಆರು ವಾರ ನೋಡೋಣ," ಎಂದು ಅವರು ಅವನ ಎಡ ಹೆಬ್ಬೆರಳನ್ನು ಕೆಳಕ್ಕೆ ಒತ್ತಿದರು. ಅದು ಹಸಿ ಮಾಲಿನಂತೆ ಬಾಗಿತು. "ಈ ಬೆರಳಿಗೆ ಬಲ ಬರಬೇಕು. ಇನ್ನೂ ಸೋತರೆ, ಇಲ್ಲ ಉಚ್ಚೆ ನಿಲ್ಲದ ಹಾಗಾದರೆ ಅದೇ ಗಳಿಗೆಗೆ ಬರಬೇಕು."

ವ್ಯಾಯಾಮ ಹೇಳಿಕೊಡುವ ಕೋಣೆಯಲ್ಲಿದ್ದವಳು ಸಮೀಕ್ಷಾ ಎಂಬ ಕಾರವಾರದ ಹುಡುಗಿ. ಕನ್ನಡದ ಮಾತು ಕೇಳಿ ಅವನ ಜೀವಕ್ಕೆ ಸಮಾಧಾನವಾಯಿತು. ಹೊಟ್ಟೆಯ ಮೇಲೆ ಮಲಗಿಸಿ, ಮೊಣಕೈ ಊರಿ ಎದೆ ಎತ್ತುವುದನ್ನು ತೋರಿಸಿದಳು.

"ಮಲಗೇ ಇದ್ರೆ ಇನ್ನೂ ಬಿಗೀತದೆ ಕಾಕಾ. ದಿನಾ ನಡೀಬೇಕು, ಸ್ವಲ್ಪ ಸ್ವಲ್ಪ ಹೆಚ್ಚು ಮಾಡ್ತಾ. ಭಾರ ಎತ್ತಬೇಡಿ, ಬಗ್ಗಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ. ಕಾಲಿನ ನೋವು ಮೇಲೇರಿ ಸೊಂಟಕ್ಕೆ ಬಂದ್ರೆ ಹೆದರಬೇಡಿ, ಅದು ಒಳ್ಳೇದು. ಕೆಳಗಿಳೀತಾ ಹೋದ್ರೆ ಮಾತ್ರ ನಿಲ್ಲಿಸಿ ನನ್ನ ಹತ್ರ ಬನ್ನಿ."

ಅವನು ಹೂಂಗುಟ್ಟಿದ. ಆದರೆ ಮನಸ್ಸೆಲ್ಲ ಆ ಬಾಗಿದ ಹೆಬ್ಬೆರಳಿನ ಮೇಲಿತ್ತು. ಬಗ್ಗಬೇಡ, ನಡೆ ಎಂಬ ಎರಡು ಮಾತು ತಲೆಯಲ್ಲಿ ಉಳಿದವು. ಮಿಕ್ಕದ್ದು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಿಂದ ಹೊರಬಿತ್ತು. ದ್ರಾಕ್ಷಾಯಿಣಿ ಹೊರಗೆ ಚೀಟಿ ಹಿಡಿದು ನಿಂತಿದ್ದಳು, ಅವಳಿಗೆ ಅಷ್ಟೂ ಸಿಗಲಿಲ್ಲ.

ಆವತ್ತಿನಿಂದ ಶುರುವಾಯಿತು. ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊಯ್ದು ಪಾಯಖಾನೆಯಲ್ಲಿ ಇಟ್ಟುಕೊಂಡ. ಎದ್ದ ಕೂಡಲೇ ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿಯ ಮೇಲೆ ನಿಂತು, ಎಡ ಹೆಬ್ಬೆರಳು ಎಷ್ಟು ಮೇಲೇಳುತ್ತದೆ ಎಂದು ನೋಡುವುದು. ಒಂದು ದಿನ ಎದ್ದಂತೆ ಕಾಣುತ್ತಿತ್ತು, ಮರುದಿನ ಎದ್ದಿಲ್ಲ ಅನಿಸುತ್ತಿತ್ತು. ಮೂತ್ರಕ್ಕೆ ಹೋದರೆ ಸರಿಯಾಗಿ ಆಯಿತೇ ಇಲ್ಲವೇ ಎಂದು ಅಲ್ಲೇ ನಿಂತು ಯೋಚಿಸುತ್ತಿದ್ದ. ಆಮೇಲೆ ನಡಿಗೆ. ಮೊದಲ ವಾರ ಓಣಿಯ ನಲ್ಲಿಯ ತನಕ. ಎರಡನೇ ವಾರ ಅಂಗಡಿಯ ತನಕ. ನಾಲ್ಕನೇ ವಾರಕ್ಕೆ ಏರಿನ ಮೇಲಿನ ನೀರಿನ ಟಾಕಿ ಮುಟ್ಟಿದ. ಅಲ್ಲಿಂದ ಕೆಳಗಿನ ಬಂದರು, ಹಡಗು, ಕಲ್ಲಿದ್ದಲಿನ ಕರಿ ರಾಶಿ ಎಲ್ಲ ಕಾಣುತ್ತದೆ. ಅವನು ಅದ್ಯಾವುದನ್ನೂ ನೋಡುತ್ತಿರಲಿಲ್ಲ. ಕಣ್ಣು ಎಡ ಚಪ್ಪಲಿಯ ಮೇಲೆ. ದಿನಕ್ಕೆ ಎರಡು ಮೂರು ಸಲವಾದರೂ ಅದು ಜಾರುತ್ತಿತ್ತು.

ನಮ್ಮ ಮಂದಿಯಲ್ಲಿ ಒಂದು ಲೆಕ್ಕವಿದೆ. ಬ್ಯಾನಿ ಬಿದ್ದವ ಹಾಸಿಗೆ ಹಿಡಿಯಬೇಕು. ಓಡಾಡುವವ ದುಡಿಯಬೇಕು. ಹಾಸಿಗೆಯೂ ಹಿಡಿಯದೆ ಕೆಲಸಕ್ಕೂ ಹೋಗದೆ ಬೆಳಗ್ಗೆ ಸಂಜೆ ಬೀದಿ ಅಳೆಯುವವನಿಗೆ ಏನೆನ್ನುತ್ತಾರೋ ಹೇಳಬೇಕಿಲ್ಲ. ಒಂದು ಸಂಜೆ ಚಹಾದಂಗಡಿಯ ಮುಂದೆ ರಸೂಲಸಾಬ ಅದನ್ನು ಬಾಯಿಬಿಟ್ಟೇ ಅಂದ. ಅವನೂ ಟೈಲ್ಸ್ ಮೇಸ್ತ್ರಿ, ಹದಿನೈದು ವರ್ಷದ ಜೊತೆಗಾರ.

"ಅಲ್ಲೋ ಲಕ್ಷ್ಮಪ್ಪ, ಸೊಂಟ ಹೋಗೇತಿ ಅಂತಿ, ಸಾಹೇಬರಂಗ ವಾಕಿಂಗ ಹೊಂಟಿ. ಒಂದು ನಾಯಿ ಹಿಡ್ಕೋ ಕೈಯಾಗ, ಚಲೋ ಕಾಣ್ತಿ."

"ಡಾಕ್ಟರ್ ನಡೀ ಅಂದಾರ."

"ನಡಿಯಾಕ ಬರತೈತಿ, ಕುಂದ್ರಾಕ ಬರೂದಿಲ್ಲ. ಎಂಥಾ ರೋಗಲೇ ಇದು? ನನಗೂ ಒಂದೀಟು ಹಚ್ಚು."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು.  ಬಾಗಿಲ ಬಳಿ ಸಕ್ಕರೆ ಚೀಲವೊಂದು ಇತ್ತು. ಅದನ್ನೆತ್ತಿ ರಸೂಲಸಾಬನ ಕಾಲ ಮೇಲೆ ಒಗೆಯಬೇಕು ಅನಿಸಿತು ಲಕ್ಷ್ಮಪ್ಪನಿಗೆ. ಎತ್ತಿದರೆ ತನ್ನ ಕಾಲೇ ಹೋಗುತ್ತದೆ. ಹಲ್ಲು ಕಚ್ಚಿ ಹೊರಟವನು ಸಿಟ್ಟು ಇಳಿಯಲೆಂದು ಟಾಕಿಯ ತನಕ ಒಂದಲ್ಲ, ಎರಡು ಸಲ ಹೋಗಿ ಬಂದ.

ಮರುದಿನ ಮುಂಜಾನೆ ಸೊಂಟ ಹಿಡಿದುಬಿಟ್ಟಿತ್ತು. ಇಷ್ಟು ದಿನ ಮೀನಖಂಡದಲ್ಲಿ, ಪಾದದಲ್ಲಿ ಉರಿಯುತ್ತಿದ್ದ ನೋವೆಲ್ಲ ಒಂದೇ ಕಡೆ ಬಂದು ಕೂತ ಹಾಗೆ. ಅವನ ಮುಖ ಬಿಳಚಿತು.

"ಮುಗೀತು. ಹರದೇ ಹೋತು ಕಾಣಸ್ತೈತಿ," ಅಂದ.

"ನಡೀಬ್ಯಾಡ್ರಿ ಅಂತ ಬಡಕೊಂಡ್ನಿ, ಕೇಳಿದ್ರೇನು?" ದ್ರಾಕ್ಷಾಯಿಣಿ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಆರು ವಾರ ಮುಗಿಯೂ ಗುರುವಾರ ತನಕ ದವಾಖಾನಿ ದಾರಿ ಕಾಯೂದು ಬ್ಯಾಡ. ಅವರು ಕೊಯ್ಯೂದೊಂದ ಬಲ್ಲರು. ನಾ ರೂಪಿಬಾಯಿ ಆಯಿನ್ನ ಕರಕೊಂಡು ಬರ್ತೀನಿ."

ರೂಪಿಬಾಯಿ ಮೇಲಿನ ಓಣಿಯಲ್ಲಿ ಸೊಪ್ಪು ಮಾರುವ ಮುದುಕಿ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಯಾರಿಗಿಲ್ಲ? ಬಿಸಿಲು ಹೊಸ್ತಿಲಿಗೆ ಬರುವ ಮೊದಲು, ಬರಿ ಹೊಟ್ಟೆಯಲ್ಲಿ, ಎಡಗಾಲಿನಿಂದ ಮೂರು ಒದೆ. ಕಾಣಿಕೆಯೆಂದು ಒಂದು ತೆಂಗಿನಕಾಯಿ ಬಿಟ್ಟು ಏನನ್ನೂ ಮುಟ್ಟುವವಳಲ್ಲ. ಸಡಾದಲ್ಲಿ ಅವಳ ಕಾಲು ಬೀಳದ ಬೆನ್ನು ಕಡಿಮೆ.

ಲಕ್ಷ್ಮಪ್ಪ ಗೋಡೆ ಹಿಡಿದು ಜಗಲಿಗೆ ನಡೆದ. 

ಜಗಲಿಯಲ್ಲಿ ಚಾಪೆ ಹಾಸಿದರು. ಅವನು ಹೊಟ್ಟೆಯ ಮೇಲೆ ಮಲಗಿದ. ರೂಪಿಬಾಯಿ ಬಂದು, ಕಾಯಿ ಗಟ್ಟಿ ಇದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಪಕ್ಕಕ್ಕಿಟ್ಟಳು. ಸೀರೆ ಎತ್ತಿ ಕಟ್ಟಿದಳು.

"ಎಲ್ಲೆಲ್ಲಿ ಹಿಡದೈತಿ ತಮ್ಮಾ? ಮೊದಲಿಂದ ಹೇಳು."

"ಮೊದಲ ಕಾಲಾಗಿತ್ತು ಆಯಿ, ಪಾದದ ತನಕ. ಆಮ್ಯಾಲೆ ಮೀನಖಂಡದಾಗ ಬಂತು. ಈಗ ಕಾಲಾಗ ಏನೂ ಇಲ್ಲ, ಎಲ್ಲಾ ಮ್ಯಾಲೆ ಬಂದು ಸೊಂಟದಾಗ ಕುಂತೈತಿ."

ಹೇಳುತ್ತ ಹೇಳುತ್ತ ಅವನ ನಾಲಿಗೆ ನಿಂತಿತು. ಮೇಲೆ ಬಂದು. ಈ ಮಾತು ಎಲ್ಲೋ ಕೇಳಿದ್ದು. ಹೀಗೇ ಹೊಟ್ಟೆಯ ಮೇಲೆ ಮಲಗಿದ್ದಾಗ, ತಲೆಯ ಬಳಿ ನಿಂತ ಒಬ್ಬಳು ಹೇಳಿದ್ದು. ಕಾಲಿನ ನೋವು ಮೇಲೇರಿ ಸೊಂಟಕ್ಕೆ ಬಂದ್ರೆ ಹೆದರಬೇಡಿ ಕಾಕಾ.

ಬೆನ್ನಿನ ಮೇಲೆ ಒರಟು ಅಂಗಾಲು ತಾಗಿತು. ರೂಪಿಬಾಯಿ ಎಲ್ಲಿ ಒದೆಯಬೇಕೆಂದು ಅಳತೆ ನೋಡುತ್ತಿದ್ದಳು.

"ಕಾಲು ತಗಿ ಆಯಿ."

"ಸುಮ್ನ ಮಲಕ್ಕೋರಿ," ದ್ರಾಕ್ಷಾಯಿಣಿ ಅಂದಳು.

"ತಗಿ ಅಂದ್ನೆಲ್ಲ." ಅವನು ಮೊಣಕೈ ಊರಿ ಎದೆ ಎತ್ತಿದ. ಸೊಂಟ ಕೂಗಿತು, ಕಾಲು ಸುಮ್ಮನಿತ್ತು. "ಕಾಲಿನ ನೋವು ಮ್ಯಾಲೆ ಬಂದ್ರ ಚಲೋ ಅಂತ ಹೇಳಿದ್ಲು ಆ ಹುಡುಗಿ. ನಾ ಮರತಿದ್ನಿ."

"ಇದ್ದಕ್ಕಿದ್ದಂಗ ನೆನಪಾತೇನು? ಒದೀಗೆ ಅಂಜಿ ಏನರೆ ಹೇಳಬ್ಯಾಡ್ರಿ."

ಅವನಿಗೂ ಅದೇ ಅನುಮಾನ. ಅಂಜಿಕೆಯೇ ಈ ಮಾತು ಹುಟ್ಟಿಸಿತೋ ಏನೋ. ಕಷ್ಟಪಟ್ಟು ಎದ್ದು ಕುರ್ಚಿಯಲ್ಲಿ ಕೂತು ಎಡಗಾಲು ಚಾಚಿದ.

"ಆಯಿ, ಈ ಹೆಬ್ಬಟ್ಟು ಕೆಳಗ ಒತ್ತು. ಜೋರ ಒತ್ತು."

ರೂಪಿಬಾಯಿ ಒತ್ತಿದಳು. ಅರವತ್ತು ವರ್ಷ ಬುಟ್ಟಿ ಹೊತ್ತ ಕೈ. ಲಕ್ಷ್ಮಪ್ಪ ಉಸಿರು ಹಿಡಿದು ಬೆರಳು ಮೇಲೆತ್ತಿದ. ಬೆರಳು ನಡುಗಿತು, ಸ್ವಲ್ಪ ಇಳಿಯಿತು, ಅಲ್ಲಿಗೆ ನಿಂತಿತು. ಅವಳು ಇನ್ನೊಮ್ಮೆ ಒತ್ತಿದಳು. ಇಳಿಯಲಿಲ್ಲ.

"ಇಷ್ಟು ಕಸು ಇಟಕೊಂಡು ನನ್ನ ಯಾಕ ಎಬ್ಬಿಸಿ ತಂದ್ರಿ?" ಎನ್ನುತ್ತ ಮುದುಕಿ ಸೀರೆ ಇಳಿಬಿಟ್ಟಳು. "ಒದಿ ತಿನ್ನಲಿಲ್ಲ ಅಂತ ಕಾಯಿ ಕೊಡೂದು ಬಿಡಬ್ಯಾಡ್ರಿ. ನಡಕೋತ ಬಂದೀನಿ ನಾ." ಕಾಯಿ ಕಂಕುಳಲ್ಲಿಟ್ಟು ಹೊರಟಳು.

ದ್ರಾಕ್ಷಾಯಿಣಿ ಇನ್ನೂ ಆ ಬೆರಳನ್ನೇ ನೋಡುತ್ತಿದ್ದಳು. ಗುರುವಾರಕ್ಕೆ ಮೂರು ದಿನವಿತ್ತು. ಒಂದು ಮುದುಕಿಯ ಕೈಗೆ ಬಾಗದ ಬೆರಳು ಡಾಕ್ಟರ ಕೈಗೂ ಬಾಗುವುದಿಲ್ಲ ಎಂದು ಯಾರು ಹೇಳಬೇಕು?

"ಇವತ್ತು ನಾನೂ ಬರ್ತೀನಿ," ಎಂದಳು.

ಬಿಸಿಲೇರುವ ಮುಂಚೆ ಹೊರಟರು. ಎರಡು ಸುತ್ತಿನ ಪೌರುಷ ಬಿಟ್ಟು ಸಣ್ಣ ಹೆಜ್ಜೆ ಹಾಕಿದ. ಚಹಾದಂಗಡಿಯ ಮುಂದೆ ರಸೂಲಸಾಬ ಬಸ್ಸು ಕಾಯುತ್ತ ನಿಂತಿದ್ದ. "ಇವತ್ತು ಜೋಡಿ ಹೊಂಟಿತಲ್ಲೋ," ಅಂದ. ಲಕ್ಷ್ಮಪ್ಪನಿಗೆ ಸಿಟ್ಟು ಮಾಡಲು ಪುರಸೊತ್ತಿರಲಿಲ್ಲ. ಏರಿನಲ್ಲಿ ಕೆಳಗೆ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ, ಹಿಂದೆ ಬರುವವಳನ್ನೇ ಕೇಳುತ್ತ ಹೋದ.

"ಚಪ್ಪಲಿ ಐತೇನ?"

"ಐತ್ರಿ. ನಡೀರಿ."

ಹತ್ತು ಹೆಜ್ಜೆ.

"ಈಗ?"

"ಐತ್ರಿ."

ಟಾಕಿ ಇನ್ನೂ ಸ್ವಲ್ಪ ದೂರವಿರುವಾಗ ಅವನು ಗಕ್ಕನೆ ನಿಂತ. ದ್ರಾಕ್ಷಾಯಿಣಿ ಓಡಿ ಬಂದು ಪಕ್ಕದಲ್ಲಿ ನಿಂತಳು.

"ಏನಾತ್ರಿ?"

"ಎಡ ಹೆಬ್ಬಟ್ಟಿನ ಬುಡಕ್ಕ ಖಡಿ ಕಲ್ಲು ಹೊಕ್ಕೈತಿ. ಚುಚ್ಚಾಕತ್ತೈತಿ."

ಅವಳು ತೆಗೆಯಲು ಬಗ್ಗಿದಳು. ಅವನು ಭುಜ ಹಿಡಿದು ತಡೆದ.

"ಇರಲಿ ಬಿಡು," ಎಂದವನು ಕಾದ ಡಾಂಬರೂ ಸುಡದಿದ್ದ ಆ ಕಾಲನ್ನೇ ಊರಿ ಮುಂದಿನ ಹೆಜ್ಜೆ ಇಟ್ಟ.