ತಿರುಚಬಾರದ ಕಾಲು

ಚಾಮರಾಜನಗರದ ಆಸ್ಪತ್ರೆಯೊಂದರ ಎಕ್ಸರೇ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ ಕಳೆದ ತಿಂಗಳು ನಿವೃತ್ತರಾದ ಶ್ರೀಮತಿ ಮೆಹರುನ್ನಿಸಾ ಅವರು, ಚಿತ್ರ ತೆಗೆದುಕೊಟ್ಟು ಕೈತೊಳೆದುಕೊಂಡವರಲ್ಲ. ಕೆಲಸದಲ್ಲಿ ಕಟ್ಟುನಿಟ್ಟು, ಮಾತಿನಲ್ಲಿ ಖಾರ. ಅವರಿಂದ ಬೈಸಿಕೊಳ್ಳದ ವೈದ್ಯರು ನಮ್ಮಲ್ಲಿಲ್ಲ.

ಎಂಟು ವರ್ಷಗಳ ಹಿಂದೆ ಕುದೇರಿನ ಚಿಕ್ಕಮಲ್ಲಮ್ಮನವರು ತೊಡೆನೋವೆಂದು ಬಂದರು. ಚೀಟಿಯಲ್ಲಿ 'ಉಳುಕು' ಎಂದಿತ್ತು. ಚಿತ್ರ ತೆಗೆಸಿಕೊಂಡವರು ವೈದ್ಯರಿಗಾಗಿ ಕಾಯಲಿಲ್ಲ. "ಗುಂಡ್ಲುಪೇಟೆ ಮಾದಣ್ಣ ಒಂದ್ಸಲ ಕಾಲ್ ತಿರುವಿದ್ರೆ ಸರೋಯ್ತದೆ, ಬಸ್ ಓಯ್ತದೆ ಕಣವ್ವ," ಎಂದು ಕುಂಟುತ್ತ ಹೊರಟೇಬಿಟ್ಟರು.

ಪರದೆಯ ಮೇಲೆ ಚಿತ್ರ ಮೂಡಿದಾಗ ಮೆಹರುನ್ನಿಸಾ ಅವರು ಅದನ್ನು ಹಿಗ್ಗಿಸಿ ನೋಡಿದರು. ತೊಡೆಮೂಳೆಯ ಹೊರಗೋಡೆ ಗೆದ್ದಲು ಹಿಡಿದ ತೊಲೆಯಂತೆ ಅರ್ಧಕ್ಕರ್ಧ ಸವೆದಿತ್ತು. ಹಳೆಯ ಕಡತ ತೆಗೆದು ನೋಡಿದರೆ, ಅದಕ್ಕೂ ಐದು ವರ್ಷ ಹಿಂದೆ ಸ್ತನದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ. ಅದೀಗ ಮೂಳೆಗಿಳಿದಿತ್ತು. ಅಂಥ ಮೂಳೆ ನಿಂತ ಭಾರವನ್ನು ಹೇಗೋ ತಾಳೀತು, ತಿರುಚಿದರೆ ಲಟಕ್ಕನೆ ಮುರಿದೀತು. ಉಳುಕು ತೆಗೆಯುವವರು ಮಾಡುವುದೇ ತಿರುಚುವ ಕೆಲಸ.

ಉಳುಕು ತೆಗೆಯುವ ಮಾದಣ್ಣನವರ ನಂಬರನ್ನು ಯಾರಿಂದಲೋ ಪಡೆದು ಫೋನ್ ಮಾಡಿದರೆ ರಿಂಗಾಗುತ್ತಲೇ ಇತ್ತು, ಎಣ್ಣೆ ಹಚ್ಚಿ ನೀವುವ ಕೈಯವರು ಎತ್ತುವುದುಂಟೆ? ಚಿತ್ರವನ್ನು ಮೊಬೈಲಿಗೆ ಇಳಿಸಿಕೊಂಡು, ರಜೆ ಚೀಟಿಯನ್ನೂ ಬರೆಯದೆ ಒಡಹುಟ್ಟಿದ ತಮ್ಮ ರಜಾಕ್‌ನ ಆಟೊ ಹತ್ತಿದರು. ದಾರಿಯುದ್ದಕ್ಕೂ ಫೋನ್ ಒತ್ತಿದರು. ಯಾರೂ ಎತ್ತಲಿಲ್ಲ. ಗುಂಡ್ಲುಪೇಟೆಯ ಆ ಮನೆಯೊಳಗೆ ನುಗ್ಗಿದಾಗ ಚಿಕ್ಕಮಲ್ಲಮ್ಮನವರ ಹಿಮ್ಮಡಿ ಮಾದಣ್ಣನವರ ಕೈಯಲ್ಲಿತ್ತು.

"ತಿರುವ್ಬ್ಯಾಡಿ! ಅದು ಉಳುಕಲ್ಲ ಕಣಣ್ಣ, ಮೂಳೇನೆ ಟೊಳ್ಳಾಗದೆ!"

"ನಲವತ್ತೊರ್ಸದ ಕೈ ಇದು. ನಂಗೇಳ್ಕೊಡಕ್ ಬಂದ್ರಾ?" ಎಂದು ಮಾದಣ್ಣನವರು ಗದರಿದರು. ಮೆಹರುನ್ನಿಸಾ ಮೊಬೈಲನ್ನು ಅವರ ಮುಖದ ಮುಂದೆ ಹಿಡಿದರು. ಮಾದಣ್ಣನವರು ಬಾಗಿ ಆ ಸವೆದ ಜಾಗವನ್ನು ನೋಡಿದರು. ಆಮೇಲೆ ಆ ಕಾಲನ್ನು ಹಸುಗೂಸಿನಂತೆ ಚಾಪೆಯ ಮೇಲಿಳಿಸಿದರು.

ಮೈಸೂರಿನ ವೈದ್ಯರು ಮೂಳೆ ಮುರಿಯುವ ಮುನ್ನವೇ ಅದರೊಳಗೊಂದು ಸರಳು ಕೂರಿಸಿದರು. ಕಾಯಿಲೆ ಬಿಡಲಿಲ್ಲ, ಆದರೆ ಚಿಕ್ಕಮಲ್ಲಮ್ಮನವರು ಬದುಕಿದ ಇನ್ನು ಮೂರು ವರ್ಷವೂ ಸ್ವಂತ ಕಾಲ ಮೇಲೆಯೇ ನಡೆದರು. ಹೇಳದೆ ಕೇಳದೆ ಕೆಲಸ ಬಿಟ್ಟು ಹೋದದ್ದಕ್ಕೆ ಮೆಹರುನ್ನಿಸಾ ಅವರಿಗೆ ನೋಟಿಸು ಬಂತು. ಅದನ್ನವರು ಇಂದಿಗೂ ಜೋಪಾನವಾಗಿಟ್ಟಿದ್ದಾರೆ.

ಬೀಳ್ಕೊಡುಗೆಯ ದಿನ, ಕೊರಳಲ್ಲಿ ಹಾರವಿರುವಾಗಲೇ ಅವರ ಫೋನ್ ಬಡಿದುಕೊಂಡಿತು. ಮಾದಣ್ಣನವರು.

"ಮೇಡಮ್ಮಾರೆ, ಒಬ್ರು ಸೊಂಟ್ನೋವು ಅಂತ ಬಂದವ್ರೆ. ಮುಂಚೆ ಎದೆ ಗಡ್ಡೆ ತಗ್ಸಿದ್ರಂತೆ. ಮುಟ್ಲಾ?"

"ಮುಟ್ಬ್ಯಾಡಿ. ಇಲ್ಗೇ ಕಳ್ಸಿ," ಎಂದವರೇ ಹಾರ ತೆಗೆದು ಎಕ್ಸರೇ ಕೋಣೆಯತ್ತ ನಡೆದರು.

ಅವರಿಗೆ ದೀರ್ಘಾಯುಷ್ಯವಿರಲಿ. ಆ ಫೋನು ಬಹುಕಾಲ ಬಡಿದುಕೊಳ್ಳುತ್ತಿರಲಿ, ಅವರು ಎತ್ತುತ್ತಿರಲಿ.